ಒಂದಕ್ಷರದ ತಕರಾರು: ಎರಡನೆಯ ಥಿಯೋಡೋಸಿಯಸನ ಹೊನ್ನಿನ ಮೇಲಿನ ‘ಕೊಮೋಬ್’

ಐದನೆಯ ಶತಮಾನದ ಒಂದು ರೋಮನ್ ಚಿನ್ನದ ನಾಣ್ಯ. ಅಡ್ಡಗಲ ಎರಡು ಸೆಂಟಿಮೀಟರಿಗೆ ತುಸು ಹೆಚ್ಚು, ತೂಕ ನಾಲ್ಕೂವರೆ ಗ್ರಾಮಿಗೆ ತುಸು ಕಡಿಮೆ. ಮುಂಬದಿಯಲ್ಲಿ ಎರಡನೆಯ ಥಿಯೋಡೋಸಿಯಸ್ ಚಕ್ರವರ್ತಿಯ ಎದೆಮಟ್ಟದ ಚಿತ್ರ: ತಲೆಗೆ ಶಿರಸ್ತ್ರಾಣ, ಮುಖ ನಮ್ಮತ್ತ, ಹೆಗಲ ಮೇಲೆ ಈಟಿ, ಗುರಾಣಿಯ ಮೇಲೊಬ್ಬ ಕುದುರೆ ಸವಾರ. ಹಿಂಬದಿಯಲ್ಲಿ ಸಿಂಹಾಸನದ ಮೇಲೆ ಕುಳಿತ ಹೆಣ್ಣು. ಅವಳು ಕಾನ್‌ಸ್ಟಾಂಟಿನೋಪಲ್ ನಗರದ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ ರಾಜಧಾನಿಯ, ಮೂರ್ತರೂಪ. ಒಂದು ಕೈಯಲ್ಲಿ ಶಿಲುಬೆ ಹೊತ್ತ ಗೋಳ, ಇನ್ನೊಂದರಲ್ಲಿ ರಾಜದಂಡ, ಪಾದ ಹಡಗಿನ ಮೂತಿಯ ಮೇಲೆ. ಸುತ್ತಲಿನ ಲ್ಯಾಟಿನ್ ಬರೆಹ ಚಕ್ರವರ್ತಿಯ ಆಳ್ವಿಕೆಯ 42ನೆಯ ವರ್ಷವನ್ನೂ 17ನೆಯ ಸಲದ ಕಾನ್ಸಲ್ (ವರ್ಷದ ಲೆಕ್ಕದಲ್ಲಿ ಕೊಡುತ್ತಿದ್ದ ಉನ್ನತ ರೋಮನ್ ಹುದ್ದೆ) ಪದವಿಯನ್ನೂ ‘ರಾಷ್ಟ್ರಪಿತ’ ಎಂಬ ಬಿರುದನ್ನೂ ಹೇಳುತ್ತದೆ. ಅವಳ ಪಾದದಡಿ ಒಂದು ಗೆರೆ. ಗೆರೆಯ ಕೆಳಗಿನ ಕಿರಿದಾದ ಪಟ್ಟಿಯಲ್ಲಿ ಐದು ಅಕ್ಷರ: ಸಿ, ಒ, ಎಂ, ಒ, ಬಿ. ಕೂಡಿಸಿ ಓದಿದರೆ ‘ಕೊಮೋಬ್’.

ಅಲ್ಲಿ ಇರಬೇಕಾದದ್ದು ‘ಕೊನೋಬ್’. ಮೂರನೆಯ ಅಕ್ಷರ ‘ಎನ್’ ಆಗಬೇಕಿತ್ತು.

ಚಿತ್ರವೇ ರಾಜಧಾನಿಯದು, ಮುಖದ ಕೆತ್ತನೆಯ ಶೈಲಿ ರಾಜಧಾನಿಯದು. ಆದರೆ ನಾಣ್ಯ ಹುಟ್ಟಿದ ಕಮ್ಮಟವನ್ನು ಹೇಳಬೇಕಾದ ಜಾಗದಲ್ಲಿ ರಾಜಧಾನಿಯ ಹೆಸರಿಲ್ಲ. ಇದು ಅಚ್ಚು ಕೊರೆದವನ ಕೈತಪ್ಪೇ, ಬೇರೆ ಊರಿನ ಅಚ್ಚೇ, ಅಥವಾ ಬೇಕೆಂದೇ ಮಾಡಿದ್ದೇ? ಈ ಪ್ರಶ್ನೆ ಬಹಳ ದಿನ ನನ್ನನ್ನು ಹಿಡಿದಿಟ್ಟುಕೊಂಡಿತ್ತು. ಈಗ ನನಗೊಂದು ಉತ್ತರವಿದೆ. ಅದನ್ನು ಮುಟ್ಟಿದ ದಾರಿಯನ್ನು ಇಲ್ಲಿ ಹೇಳುತ್ತೇನೆ.

ಮೊದಲು ಆ ಅಕ್ಷರಗಳ ಹುಟ್ಟಿನ ಕಥೆ. ಕಾನ್‌ಸ್ಟಂಟೈನ್ ಚಕ್ರವರ್ತಿ ತಂದ ಸಾಲಿಡಸ್ ಎಂಬ ಈ ನಾಣ್ಯದ ಲೆಕ್ಕ ಸರಳ: ಒಂದು ರೋಮನ್ ಪೌಂಡ್ ಚಿನ್ನಕ್ಕೆ 72 ನಾಣ್ಯ. ತೂಕ ಸರಿಯಾಗಿಯೇ ನಡೆದುಕೊಂಡು ಬಂತು, ಕೆಟ್ಟದ್ದು ಚಿನ್ನ. ನಾಲ್ಕನೆಯ ಶತಮಾನದ ನಡುವಿಗೆ ಬರುವಷ್ಟರಲ್ಲಿ ಅದರೊಳಗೆ ಕಲಬೆರಕೆ ಸೇರಿತು. ವ್ಯಾಲೆಂಟಿನಿಯನ್ ಮತ್ತು ವ್ಯಾಲೆನ್ಸ್ ಎಂಬ ಅಣ್ಣತಮ್ಮಂದಿರು 366 ಮತ್ತು 367ರಲ್ಲಿ ಇದಕ್ಕೆ ಕಟ್ಟುನಿಟ್ಟಿನ ಕಾನೂನು ಮಾಡಿದರು. ತೆರಿಗೆಯಾಗಿ ಬಂದ ಸಾಲಿಡಸ್‌ಗಳನ್ನು ಹಾಗೆಯೇ ಖಜಾನೆಗೆ ಕಳಿಸುವಂತಿಲ್ಲ, ನಡುವೆ ಕಳ್ಳನಾಣ್ಯ ಸೇರಿಸುತ್ತಾರೆ. ಕರಗಿಸಿ ಗಟ್ಟಿ ಮಾಡಿ ಕಳಿಸಬೇಕು. ಹಾಗೆ ಪುಟವಿಟ್ಟ ಚಿನ್ನಕ್ಕೆ ಅವರು ‘ಒಬ್ರೈಜಮ್’ ಎನ್ನುತ್ತಿದ್ದರು, ನಾವು ಅಪರಂಜಿ ಎನ್ನುತ್ತೇವೆ. ಅದರ ಮೊದಲೆರಡು ಅಕ್ಷರವೇ ‘ಒಬ್’. 368ರ ಸುಮಾರಿನಿಂದ ಅದು ಚಿನ್ನದ ನಾಣ್ಯಗಳ ಮೇಲೆ ಕಮ್ಮಟದ ಹೆಸರಿನ ಜೊತೆ ಕೂತಿತು. ಗ್ರೀಕ್ ಅಂಕಪದ್ಧತಿಯಲ್ಲಿ ಅದೇ ಎರಡು ಅಕ್ಷರಕ್ಕೆ 72 ಎಂಬ ಬೆಲೆಯೂ ಇದೆ. ಶುದ್ಧತೆಯ ಮಾತೂ ತೂಕದ ಲೆಕ್ಕವೂ ಎರಡೇ ಅಕ್ಷರದಲ್ಲಿ ಕೂಡಿಬಂದದ್ದನ್ನು ನೋಡಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಪೂರ್ವದ ಗ್ರೀಕ್ ಓದುಗರಿಗೆ ಅದು ಎರಡೂ ಆಗಿ ಕಂಡಿರಬೇಕು.

ಹೀಗೆ ‘ಕೊನೋಬ್’ ಎಂದರೆ ಕಾನ್‌ಸ್ಟಾಂಟಿನೋಪಲಿನ ಅಪರಂಜಿ. ‘ಕೊಮೋಬ್’ ಬೆಳೆದದ್ದು ಹೆಚ್ಚಾಗಿ ಪಶ್ಚಿಮದಲ್ಲಿ. ಅಲ್ಲಿ ‘ಕೊಮ್’ ಎಂಬುದು ಊರಿನ ಹೆಸರಲ್ಲ. ಚಕ್ರವರ್ತಿಯ ಜೊತೆ ಸಾಗುವ ಆಸ್ಥಾನಕ್ಕೆ ‘ಕೊಮಿಟಾಟುಸ್’ ಎಂಬ ಹೆಸರಿತ್ತು. ಚಿನ್ನದ ಉಸ್ತುವಾರಿ ಅಧಿಕಾರಿ ‘ಕೋಮೆಸ್ ಔರಿ’. ಬಿಡಿಸಿ ಓದುವಾಗ ವಿದ್ವಾಂಸರು ಈ ಎರಡರಲ್ಲೊಂದನ್ನು ಹಿಡಿಯುತ್ತಾರೆ. ಯಾವುದನ್ನು ಹಿಡಿದರೂ ತಾತ್ಪರ್ಯ ಒಂದೇ: ಇದು ಆಸ್ಥಾನದ ಲೆಕ್ಕದ ಚಿನ್ನ. ಊರಿನ ಹೆಸರು ಬೇಕಾದರೆ ಚಿತ್ರದ ಎರಡು ಬದಿಗೆ ಬೇರೆಯಾಗಿ ಕೊರೆಯುತ್ತಿದ್ದರು. ಮಿಲಾನಿಗೆ ಎಂ ಮತ್ತು ಡಿ, ರವೆನ್ನಾಕ್ಕೆ ಆರ್ ಮತ್ತು ವಿ, ರೋಮಿಗೆ ಆರ್ ಮತ್ತು ಎಂ. 402ರಲ್ಲಿ ಆಸ್ಥಾನ ಮಿಲಾನಿನಿಂದ ರವೆನ್ನಾಕ್ಕೆ ಹೋದಾಗ ಬದಿಯ ಅಕ್ಷರ ಬದಲಾಯಿತು, ಕೆಳಗಿನ ‘ಕೊಮೋಬ್’ ಅಲುಗಲಿಲ್ಲ.

ನಮ್ಮ ನಾಣ್ಯದಲ್ಲಿ ಬದಿಯ ಅಕ್ಷರಗಳೂ ಇಲ್ಲ, ಒಂದು ನಕ್ಷತ್ರವಷ್ಟೇ ಇದೆ. ಅದಕ್ಕೆ ಸ್ವಲ್ಪ ಹಿಂದೆ, 430ರ ದಶಕದಲ್ಲಿ, ಇದೇ ಥಿಯೋಡೋಸಿಯಸ್ ತನ್ನ ಆಳ್ವಿಕೆಯ ಮೂವತ್ತು ವರ್ಷದ ಹರಕೆಯ ನೆನಪಿಗೆ ಹೊರಡಿಸಿದ ಸಾಲಿಡಸ್‌ಗಳಲ್ಲಿ ‘ಕೊನೋಬ್’ ಸರಿಯಾಗಿಯೇ ಇದೆ. ಹಾಗಾದರೆ 440ರ ದಶಕದಲ್ಲಿ ಏನಾಯಿತು?

ಮೊದಲ ಅನುಮಾನ ಸಹಜವಾಗಿ ಕೈತಪ್ಪಿನದು. ಕೈತಪ್ಪು ಹೇಗೆ ಆಗುತ್ತದೆ, ತಿದ್ದಿದರೆ ಹೇಗೆ ಕಾಣುತ್ತದೆ ಎಂದು ತಿಳಿಯದೆ ಈ ಅನುಮಾನವನ್ನು ಒಪ್ಪಲೂ ಆಗದು, ಬಿಡಲೂ ಆಗದು. ಅದಕ್ಕಾಗಿ ಒಂದು ಸೀಸದ ಬಿಲ್ಲೆ, ಅಕ್ಕಸಾಲಿಗರ ಚೂಪು ಉಳಿ ಮತ್ತು ಸ್ವಲ್ಪ ಮುದ್ರೆಯರಗು ಹಿಡಿದು ಕುಳಿತೆ.

ಅಚ್ಚಿನಲ್ಲಿ ಎಲ್ಲವೂ ಎಡಬಲ ಅದಲುಬದಲು. ಅಚ್ಚಿನಲ್ಲಿ ತಗ್ಗಾದದ್ದು ನಾಣ್ಯದಲ್ಲಿ ಉಬ್ಬು. ಒ ಮತ್ತು ಎಂ ಅಕ್ಷರಗಳನ್ನು ತಿರುಗಿಸಿದರೂ ಅವು ಅವೇ. ಸಿ ಮತ್ತು ಬಿಗಳನ್ನು ಮರೆತು ನೇರವಾಗಿ ಕೊರೆದರೆ ನಾಣ್ಯದಲ್ಲಿ ಕೂಡಲೇ ಕಣ್ಣಿಗೆ ಹೊಡೆಯುತ್ತವೆ. ಅಪಾಯವಿರುವುದು ‘ಎನ್’ನಲ್ಲಿ. ಎರಡು ಕಂಬ, ನಡುವೆ ಓರೆಗೆರೆ. ಓರೆ ಯಾವ ಕಡೆಗೆ ಎಂಬುದೊಂದೇ ವ್ಯತ್ಯಾಸ. ಉಳಿ ಹಿಡಿದ ಕೈಗೆ ಅದು ಸುಲಭವಾಗಿ ಮರೆತುಹೋಗುತ್ತದೆ. ಎರಡನೆಯ ಪ್ರಯತ್ನದಲ್ಲೇ ನನ್ನ ಅರಗಿನ ಮೇಲೆ ಓರೆ ತಿರುಗಿದ ‘ಎನ್’ ಮೂಡಿತು. ಸಾಮ್ರಾಜ್ಯದ ಗಡಿಯಾಚೆಯ ಅನುಕರಣೆಯ ನಾಣ್ಯಗಳಲ್ಲಿ ಕಾಣುವ ‘ಕೊನೋಬ್’ನ ತಿರುಗಿದ ‘ಎನ್’ ನೆನಪಾಯಿತು. ಅದನ್ನು ಕೊರೆದವರಿಗೆ ಲ್ಯಾಟಿನ್ ಬರದಿದ್ದರೂ ಕೈ ನಡೆದ ದಾರಿ ನನ್ನದೇ.

ಆಮೇಲೆ ತಿದ್ದುವ ಕೆಲಸ. ‘ಎನ್’ ಅನ್ನು ‘ಎಂ’ ಮಾಡಬೇಕು: ಬಲಗಡೆಯ ಕಂಬದ ತಲೆಯಿಂದ ನಡುವಿಗೆ ಇನ್ನೊಂದು ಓರೆಗೆರೆ ಕೊರೆದರೆ ‘ಎಂ’ ಆಯಿತು, ಆದರೆ ಹಳೆಯ ಓರೆಯ ಕೆಳಗಿನ ಅರ್ಧ ಬಾಲದಂತೆ ಉಳಿಯಿತು. ಇನ್ನೊಂದು ಬಿಲ್ಲೆಯಲ್ಲಿ ‘ಎಂ’ ಅನ್ನು ‘ಎನ್’ ಮಾಡಹೊರಟೆ: ಎಡದ ಓರೆಯನ್ನು ಬಲಗಂಬದ ಬುಡದವರೆಗೆ ಎಳೆದೆ. ‘ಎನ್’ ಆಯಿತು, ಆದರೆ ‘ಎಂ’ನ ಬಲದ ಓರೆ ರೆಂಬೆಯಂತೆ ಉಳಿಯಿತು. ಎರಡನ್ನೂ ಅರಗಿಗೆ ಒತ್ತಿ ಪಕ್ಕಪಕ್ಕ ಇಟ್ಟು ನೋಡಿದೆ. ಎರಡೂ ಒಂದೇ ಆಕಾರ! ಬಾಲವಿರುವ ‘ಎಂ’ ಎಂದರೂ ಅದೇ, ರೆಂಬೆಯಿರುವ ‘ಎನ್’ ಎಂದರೂ ಅದೇ. ಯಾವುದು ಮೊದಲು, ಯಾವುದು ತಿದ್ದುಪಡಿ ಎಂದು ಆ ಆಕಾರವನ್ನಷ್ಟೇ ನೋಡಿ ಯಾರೂ ಹೇಳಲಾರರು.

ಬೇಡದ ಗೆರೆಯನ್ನು ಅಳಿಸಲು ದಾರಿ ಇದೆಯೇ? ಲೋಹವನ್ನು ಕೊರೆದು ತೆಗೆಯಬಹುದು, ತಿರುಗಿ ತುಂಬುವುದು ಕಷ್ಟ. ಸುತ್ತಲಿನ ಲೋಹವನ್ನು ಬಡಿದು ಗೆರೆಯೊಳಗೆ ನುಗ್ಗಿಸಬಹುದು, ಅಥವಾ ಗೆರೆಯ ಆಳದವರೆಗೂ ಅಚ್ಚಿನ ಮುಖವನ್ನೇ ಹೆರೆದುಬಿಡಬಹುದು. ಹೆರೆದರೆ ಅಚ್ಚಿನಲ್ಲಿ ಅಲ್ಲಿ ತಗ್ಗು, ನಾಣ್ಯದಲ್ಲಿ ಆ ಅಕ್ಷರದ ಸುತ್ತ ಒಂದು ಮೆಲುವಾದ ಊತ. ದೀಪವನ್ನು ಪಕ್ಕದಿಂದ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ಆ ಊತದ ನೆರಳು ಬೀಳುತ್ತದೆ. ತಿದ್ದಿದ ಅಚ್ಚನ್ನು ಗುರುತಿಸಲು ಇದು ಒಳ್ಳೆಯ ಸಾಧನ. ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕೆಂದರೆ ಅದೇ ಅಚ್ಚಿನಿಂದ ತಿದ್ದುವ ಮೊದಲು ಹೊಡೆದ ಇನ್ನೊಂದು ನಾಣ್ಯ ಸಿಗಬೇಕು. ಅಚ್ಚಿನ ಬಿರುಕು ಒಂದರಲ್ಲಿ ಕೂದಲಿನಷ್ಟಿದ್ದು ಇನ್ನೊಂದರಲ್ಲಿ ಅಗಲವಾಗಿದ್ದರೆ ಯಾವುದು ಮೊದಲಿನದು ಎಂಬ ಪ್ರಶ್ನೆಯೇ ಉಳಿಯುವುದಿಲ್ಲ.

ಈ ತಿಳಿವಳಿಕೆಯೊಂದಿಗೆ ಥಿಯೋಡೋಸಿಯಸನ ನಾಣ್ಯಕ್ಕೆ ಮರಳಿದರೆ ಕೈತಪ್ಪಿನ ವಾದ ನಿಲ್ಲುವುದಿಲ್ಲ. ಕೈತಪ್ಪು ಎಂಬುದು ಒಂದು ಅಚ್ಚಿನದು. ಆ ಅಚ್ಚಿನಿಂದ ಸಾವಿರಾರು ನಾಣ್ಯ ಬಂದರೂ ಎಲ್ಲವೂ ಒಂದೇ ತಾಯಿಯ ಮಕ್ಕಳು: ಅಕ್ಷರಗಳ ನಡುವಿನ ಅಂತರ ಒಂದೇ, ದೇವತೆಯ ಮೊಣಕೈ ಬಾಗಿದ ಬಗೆ ಒಂದೇ. ‘ಕೊಮೋಬ್’ ಹೊತ್ತ ಈ ಸಾಲಿಡಸ್‌ಗಳು ಹಾಗಿಲ್ಲ. ಲೆಕ್ಕವಿಲ್ಲದಷ್ಟು ಅಚ್ಚು, ಬೇರೆ ಬೇರೆ ಕೈ, ಆದರೂ ಅದೇ ‘ಎಂ’, ಬಾಲವೂ ಇಲ್ಲ, ರೆಂಬೆಯೂ ಇಲ್ಲ, ಮೊದಲಿನಿಂದಲೇ ‘ಎಂ’ ಎಂದು ಕೊರೆದದ್ದು. ಇದೇ ಹಿಂಬದಿಯನ್ನು ಚಕ್ರವರ್ತಿಯ ಅಕ್ಕ ಪುಲ್ಕೇರಿಯಾ, ಪತ್ನಿ ಯುಡೋಕಿಯಾ, ಪಶ್ಚಿಮದ ಚಕ್ರವರ್ತಿ ಮೂರನೆಯ ವ್ಯಾಲೆಂಟಿನಿಯನ್, ಅವನ ತಾಯಿ ಗಾಲಾ ಪ್ಲಾಸಿಡಿಯಾ ಇವರ ಹೆಸರಿನ ನಾಣ್ಯಗಳಿಗೂ ಬಳಸಿದ್ದಾರೆ. ಮನೆಮಂದಿಗೆಲ್ಲ ಹೊರಡಿಸಿದ ಈ ದೊಡ್ಡ ಸರಣಿಯಲ್ಲಿ ‘ಕೊನೋಬ್’ ಇರುವವೂ ಇವೆ. ಅಂದರೆ ಕಮ್ಮಟದವರಿಗೆ ತಮ್ಮ ಊರಿನ ಗುರುತು ಮರೆತಿರಲಿಲ್ಲ. ಎರಡೂ ಗೊತ್ತಿದ್ದು ಒಂದನ್ನು ಆರಿಸಿದ್ದಾರೆ.

ಬೇರೆ ಊರಿನ ಕಮ್ಮಟದ್ದಿರಬಹುದೇ ಎಂಬ ವಾದವನ್ನು ನಾನು ಹೆಚ್ಚು ಹೊತ್ತು ಹಿಡಿಯಲಿಲ್ಲ. ಮುಖದ ಶೈಲಿ ಅದಕ್ಕೆ ಒಪ್ಪುವುದಿಲ್ಲ, ಮತ್ತು ಇಷ್ಟು ಚಿನ್ನವನ್ನು ಪೂರ್ವದಲ್ಲಿ ರಾಜಧಾನಿಯ ಹೊರಗೆ ಹೊಡೆಯುವ ಸೌಕರ್ಯ ಎಲ್ಲಿತ್ತು ಎಂಬುದಕ್ಕೆ ಉತ್ತರವಿಲ್ಲ.

ಉಳಿದದ್ದು ಮೂರನೆಯದು: ಬೇಕೆಂದೇ ಮಾಡಿದ್ದು. ಯಾಕೆ?

ನಾಣ್ಯವೇ ವರ್ಷವನ್ನು ಹೇಳುತ್ತದೆ. ಥಿಯೋಡೋಸಿಯಸ್ ಮಗುವಾಗಿದ್ದಾಗಲೇ, 402ರ ಜನವರಿಯಲ್ಲಿ, ಅಗಸ್ಟಸ್, ಅಂದರೆ ಚಕ್ರವರ್ತಿ, ಆದ. ಅವನ 42ನೆಯ ವರ್ಷ 443ರ ಜನವರಿಯಲ್ಲಿ ಆರಂಭ. 17ನೆಯ ಕಾನ್ಸಲ್ ಪದವಿ 439ರದು, 18ನೆಯದು 444ರದು. ಎರಡೂ ಅಂಕಿ ಒಟ್ಟಿಗೆ ಹೊಂದುವುದು 443ರಲ್ಲಿ. ಅದು ಎಂಥ ವರ್ಷ ಎಂದರೆ, ಅರಮನೆ ಬಿಟ್ಟು ದೂರ ಹೋಗದ ಈ ಚಕ್ರವರ್ತಿ ಅಂದು ಏಷ್ಯಾ ಮೈನರಿನ (ಇಂದಿನ ಟರ್ಕಿಯ) ಪ್ರವಾಸಕ್ಕೆ ಹೊರಟಿದ್ದ. ಮೇ ತಿಂಗಳಲ್ಲಿ ಅವನು ಹೊರಡಿಸಿದ ಒಂದು ಕಾನೂನಿನಲ್ಲಿ ಊರಿನ ಹೆಸರು ಅಫ್ರೋಡಿಸಿಯಾಸ್ ಎಂದಿದೆ. ಆಸ್ಥಾನ ಚಲಿಸುತ್ತಿತ್ತು. ‘ಕೊಮಿಟಾಟುಸ್’ ಎಂಬ ಮಾತಿಗೆ ಪೂರ್ವದಲ್ಲಿ ಅಪರೂಪವಾಗಿದ್ದ ಜೀವ ಆ ಬೇಸಿಗೆಯಲ್ಲಿ ಬಂದಿತ್ತು. ಈ ಹೊಂದಾಣಿಕೆ ಮೊದಲು ಕಣ್ಣಿಗೆ ಬಿದ್ದಾಗ ಸಮಸ್ಯೆ ಬಗೆಹರಿಯಿತು ಎಂದೇ ಅಂದುಕೊಂಡೆ.

ಆದರೆ ಪ್ರವಾಸ ಕೆಲವು ತಿಂಗಳದ್ದು, ಅದೇ ವರ್ಷ ಆಸ್ಥಾನ ರಾಜಧಾನಿಗೆ ಮರಳಿತು. ನಾಣ್ಯಗಳ ಪ್ರಮಾಣ ನೋಡಿದರೆ ಒಂದು ಬೇಸಿಗೆಯ ಕೆಲಸವಲ್ಲ. ಈ ಸರಣಿಯನ್ನು 450ರವರೆಗೂ ಹೊಡೆದರೆಂದೇ ನಾಣ್ಯಪಟ್ಟಿಗಳು ಕಾಲ ಕೊಡುತ್ತವೆ. 444ರಲ್ಲಿ 18ನೆಯ ಸಲ ಕಾನ್ಸಲ್ ಆದ ಮೇಲೂ ನಾಣ್ಯದ ಮೇಲೆ 17 ಉಳಿಯಿತು, ಆಳ್ವಿಕೆಯ ವರ್ಷ ಉರುಳಿದರೂ 42 ಉಳಿಯಿತು. ಅಂಕಿಯನ್ನು ತಿದ್ದಲು ಒಂದು ಗೆರೆ ಸೇರಿಸಿದರೆ ಸಾಕಿತ್ತು. ಆ ಗೆರೆಯನ್ನೂ ಅವರು ಸೇರಿಸಲಿಲ್ಲ. ಕಮ್ಮಟ ನಿಂತು ಯೋಚಿಸುವ ಸ್ಥಿತಿಯಲ್ಲಿರಲಿಲ್ಲ, ಹೊಡೆಯುತ್ತಲೇ ಇತ್ತು.

ಯಾರಿಗಾಗಿ? ಮಣ್ಣಿನಿಂದ ಎದ್ದುಬಂದ ನಿಧಿಗಳು ಇದಕ್ಕೆ ಉತ್ತರ ಹೇಳುತ್ತವೆ. ಹಂಗೆರಿಯ ಸಿಕಾಂಚ್ ಎಂಬಲ್ಲಿ 1960ರ ದಶಕದಲ್ಲಿ ಒಂದು ದೊಡ್ಡ ನಿಧಿ ಸಿಕ್ಕಿತು. ಅದರಲ್ಲಿ 1439 ಸಾಲಿಡಸ್, ಬಹುಪಾಲು ನಮ್ಮ ಈ ನಾಣ್ಯದ ಬಗೆಯವೇ. ಪೌಂಡಿಗೆ 72ರಂತೆ 20 ಪೌಂಡಿಗೆ 1440. ಒಂದೇ ಒಂದು ಕಡಿಮೆ! ಸ್ಲೊವಾಕಿಯಾದ ಬೀನಾದಲ್ಲಿ ಸಿಕ್ಕ ನಿಧಿಯಲ್ಲಿ 108 ನಾಣ್ಯ, ಅಲ್ಲಿಯೂ ಥಿಯೋಡೋಸಿಯಸನ ಈ ಬಗೆಗೇ ಹೆಚ್ಚಿನ ಪಾಲು. 108 ಎಂದರೆ ಸರಿಯಾಗಿ ಒಂದೂವರೆ ಪೌಂಡ್. ಇವು ಸಂತೆಯ ವ್ಯಾಪಾರದಲ್ಲಿ ಒಂದೊಂದಾಗಿ ಕೂಡಿಟ್ಟ ಹಣವಲ್ಲ. ಪೌಂಡಿನ ಲೆಕ್ಕದಲ್ಲಿ ಎಣಿಸಿ, ಚೀಲ ಕಟ್ಟಿ, ಒಪ್ಪಿಸಿದ ಹಣ. ಎರಡೂ ಊರು ಅಂದಿನ ರೋಮನ್ ಗಡಿಯಾಚೆ, ಹೂಣರ ಹಿಡಿತದ ನೆಲದಲ್ಲಿ ಇವೆ.

ಹೂಣರಿಗೆ ಕೊಟ್ಟ ಹಣದ ಲೆಕ್ಕವನ್ನು ಅವರ ದೊರೆ ಅಟಿಲಾನ ಬಿಡಾರಕ್ಕೆ ತಾನೇ ಹೋಗಿಬಂದ ಇತಿಹಾಸಕಾರ ಪ್ರಿಸ್ಕಸ್ ಬರೆದಿಟ್ಟಿದ್ದಾನೆ. ಮೊದಲು ವರ್ಷಕ್ಕೆ 350 ಪೌಂಡ್ ಚಿನ್ನ, ಆಮೇಲೆ 700, ಕೊನೆಗೆ ಸೋಲಿನ ನಂತರದ ಒಪ್ಪಂದದಲ್ಲಿ ಹಳೆಯ ಬಾಕಿ ಎಂದು 6000 ಪೌಂಡ್ ಒಮ್ಮೆಲೇ, ಅದರ ಮೇಲೆ ವರ್ಷಕ್ಕೆ 2100. ಈ ಒಪ್ಪಂದ 443ರದೋ 447ರದೋ ಎಂದು ಇತಿಹಾಸಕಾರರು ಇಂದಿಗೂ ವಾದಿಸುತ್ತಾರೆ. ಮೊತ್ತದ ಬಗ್ಗೆ ಪ್ರಿಸ್ಕಸನ ಮಾತು ಸ್ಪಷ್ಟ. ನಾಣ್ಯದ ಲೆಕ್ಕಕ್ಕೆ ತಂದರೆ ಬಾಕಿಯೇ 4,32,000 ಸಾಲಿಡಸ್, ವರ್ಷದ ಕಂತು 1,51,200. ತೂಕದಲ್ಲಿ ಬಾಕಿಯೊಂದೇ ಎರಡು ಟನ್ನಿನ ಹತ್ತಿರ. ಇದನ್ನು ತುಂಬಲು ಮನೆತನಸ್ಥರು ಹೆಂಡಿರ ಒಡವೆಗಳನ್ನೂ ಮನೆಯ ಸಾಮಾನನ್ನೂ ಸಂತೆಗೆ ತಂದು ಮಾರಿದರು ಎಂದು ಪ್ರಿಸ್ಕಸ್ ಹೇಳುತ್ತಾನೆ.

ನನ್ನ ತೀರ್ಮಾನ ಇಲ್ಲಿಂದ ಹುಟ್ಟುತ್ತದೆ. ಆ ವರ್ಷಗಳ ಖರ್ಚು ಸಾಮಾನ್ಯ ಲೆಕ್ಕಕ್ಕೆ ಸೇರುವ ಖರ್ಚಲ್ಲ. 441ರಲ್ಲಿ ಉತ್ತರ ಆಫ್ರಿಕಾವನ್ನು ಹಿಡಿದಿದ್ದ ವ್ಯಾಂಡಲರ ಮೇಲೆ ಸಿಸಿಲಿಗೆ ಹೊರಟ ನೌಕಾಪಡೆ, ಡ್ಯಾನ್ಯೂಬ್ ಗಡಿಯ ಯುದ್ಧ, ಹೂಣರ ಕಪ್ಪ ಇವೆಲ್ಲಕ್ಕೂ ಚಿನ್ನವನ್ನು ಆಸ್ಥಾನವೇ ನೇರವಾಗಿ ಎತ್ತಿ, ಕರಗಿಸಿ, ಹೊಡೆಸಿ, ಎಣಿಸಿ ಕೊಡಬೇಕಾಗಿತ್ತು. ಹಾಗೆ ಹೊಡೆಸಿದ್ದಕ್ಕೆ ನಗರದ ಗುರುತಿನ ಬದಲು ಆಸ್ಥಾನದ ಗುರುತು ಬಿತ್ತು. ‘ಕೊಮೋಬ್’ ಕೊರೆದವನಿಗೆ ಕೊಟ್ಟ ಅಪ್ಪಣೆಯಲ್ಲಿ ಅದೇ ಅಕ್ಷರಗಳಿದ್ದವು ಎಂದು ನಾನು ನಂಬುತ್ತೇನೆ. ಹೂಣನಿಗೆ ಆ ‘ಎಂ’ ಬೇಕಾಗಿರಲಿಲ್ಲ, ಅವನು ತೂಗಿ ತೆಗೆದುಕೊಂಡ. ಅಕ್ಷರ ಬೇಕಾಗಿದ್ದದ್ದು ಖಜಾನೆಯ ಗುಮಾಸ್ತನಿಗೆ, ಯಾವ ಚೀಲ ಯಾರ ಲೆಕ್ಕದಿಂದ ಹೊರಟಿತು ಎಂದು ಗುರುತು ಹಾಕಿಕೊಳ್ಳಲು.

ಇದಕ್ಕೆ ಎದುರಾಗಿ ಗೌರವದಿಂದ ಹೇಳುವ ಮಾತೊಂದಿದೆ: ಆ ಹೊತ್ತಿಗೆ ‘ಕೊನೋಬ್’, ‘ಕೊಮೋಬ್’ ಎರಡೂ ಅರ್ಥ ಕಳೆದುಕೊಂಡು ಶುದ್ಧ ಚಿನ್ನದ ಮೊಹರಿನಂತೆ ಮಾತ್ರ ಉಳಿದಿದ್ದವು, ಯಾವುದನ್ನು ಕೊರೆದರೂ ನಡೆಯುತ್ತಿತ್ತು ಎಂದು. ಆರನೆಯ ಶತಮಾನದ ಗಾಲ್ (ಇಂದಿನ ಫ್ರಾನ್ಸಿನ ಸುತ್ತಲ ಪ್ರದೇಶ) ಮತ್ತು ಸ್ಪೇನಿನ ನಾಣ್ಯಗಳಿಗೆ ಈ ಮಾತು ಒಪ್ಪುತ್ತದೆ. ಅಲ್ಲಿನ ಅರಸರು ಕಾನ್‌ಸ್ಟಾಂಟಿನೋಪಲನ್ನು ನೋಡದೆಯೇ ಅದರ ಹೆಸರನ್ನು ಕೊರೆಸಿದರು. 440ರ ದಶಕದ ರಾಜಧಾನಿಗೆ ಈ ಮಾತು ಒಪ್ಪುವುದಿಲ್ಲ. ನಡೆಯುತ್ತಿದ್ದರೆ ಮುಂದೆಯೂ ಎರಡೂ ನಡೆಯಬೇಕಿತ್ತು. ನಡೆಯಲಿಲ್ಲ.

450ರ ಜುಲೈಯಲ್ಲಿ ಥಿಯೋಡೋಸಿಯಸ್ ಕುದುರೆಯಿಂದ ಬಿದ್ದು ತೀರಿಕೊಂಡ. ಆಗಸ್ಟಿನಲ್ಲಿ ಮಾರ್ಕಿಯನ್ ಪಟ್ಟಕ್ಕೆ ಬಂದ, ಅಟಿಲಾನಿಗೆ ಕಪ್ಪ ಕೊಡುವುದಿಲ್ಲ ಎಂದ. ಅವನ ಸಾಲಿಡಸ್‌ಗಳಲ್ಲಿ ಉದ್ದನೆಯ ಶಿಲುಬೆ ಹಿಡಿದ ವಿಜಯದೇವತೆ ನಿಂತಿದ್ದಾಳೆ, ಅವಳ ಪಾದದಡಿ ‘ಕೊನೋಬ್’ ಮರಳಿದೆ. ಅವನ ನಂತರ ಲಿಯೋ, ಜೀನೋ, ಅನಸ್ತಾಸಿಯಸ್, ಜಸ್ಟಿನ್ ಎಲ್ಲರ ಕಾಲದಲ್ಲೂ ರಾಜಧಾನಿಯ ಹೊನ್ನಿನ ಮೇಲೆ ಅದೇ. ಮುಂದೆ ಜಸ್ಟಿನಿಯನನ ಕಾಲದಲ್ಲಿ ತೂಕ ಕಡಿಮೆಯ ಸಾಲಿಡಸ್‌ಗಳನ್ನು ಹೊರಡಿಸಿದಾಗಲೂ ಆ ಪಟ್ಟಿಯನ್ನೇ ಬಳಸಿಕೊಂಡರು: ‘ಕೊನೋಬ್’ ತೆಗೆದು ‘ಒಬ್’ ಎಂಬುದರ ಮುಂದೆ ಇಪ್ಪತ್ತರ ಅಂಕಿ ಕೊರೆದರು, ಅಂದರೆ 24 ಕ್ಯಾರಟ್ ತೂಕದ ಬದಲು 20ರದು. ಅಕ್ಷರ ಬದಲಾದರೆ ಅದಕ್ಕೊಂದು ಕಾರಣವಿರುತ್ತಿತ್ತು, ಆ ಕಮ್ಮಟದಲ್ಲಿ.

ಈ ಹೊನ್ನಿನ ಒಂದು ಕವಲು ನಮ್ಮ ನೆಲಕ್ಕೂ ಬಂದಿದೆ. ಹಾವೇರಿ ಜಿಲ್ಲೆಯ ಹಾನಗಲ್ ತಾಲ್ಲೂಕಿನ ಅಕ್ಕಿಆಲೂರಿನಲ್ಲಿ ಸಿಕ್ಕ ನಿಧಿಯಲ್ಲಿ ಥಿಯೋಡೋಸಿಯಸನಿಂದ ಹಿಡಿದು ಒಂದನೆಯ ಜಸ್ಟಿನನವರೆಗಿನ ಸಾಲಿಡಸ್‌ಗಳಿವೆ. ದಕ್ಷಿಣ ಭಾರತದಲ್ಲಿ ಸಿಕ್ಕ ಇಂಥ ನಾಣ್ಯಗಳಲ್ಲಿ ಅನೇಕಕ್ಕೆ ಚಕ್ರವರ್ತಿಯ ತಲೆಯ ಮೇಲುಭಾಗದಲ್ಲಿ ಪಕ್ಕಪಕ್ಕದಲ್ಲಿ ಎರಡು ತೂತು ಕೊರೆದಿದ್ದಾರೆ, ದಾರ ಪೋಣಿಸಿ ತೊಟ್ಟಾಗ ಮುಖ ನೆಟ್ಟಗೆ ನಿಲ್ಲುವಂತೆ. ಕಾನ್‌ಸ್ಟಾಂಟಿನೋಪಲಿನ ಸಾಲಿಡಸ್‌ಗಳಲ್ಲಿ ಹೆಚ್ಚಿನವುಗಳ ಹಿಂಬದಿ ಮುಂಬದಿಗೆ ತಲೆಕೆಳಗಾಗಿರುತ್ತದೆ. ಆದ್ದರಿಂದ ಮುಂಬದಿಯಲ್ಲಿ ಕಿರೀಟದ ಮೇಲೆ ಇಟ್ಟ ತೂತು ಹಿಂಬದಿಯಲ್ಲಿ ಹೊರಬರುವುದು ದೇವತೆಯ ಪಾದದಡಿಯ ಪಟ್ಟಿಯಲ್ಲಿ, ಆ ಐದು ಅಕ್ಷರಗಳ ನಡುವೆ. ಅಂಥ ಒಂದು ನಾಣ್ಯ ಕೈಗೆ ಬಂದರೆ ನಾನು ಮೊದಲು ನೋಡುವುದು ತೂತಿನ ಅಂಚಿನಲ್ಲಿ ಮೂರನೆಯ ಅಕ್ಷರದ ಎಷ್ಟು ಗೆರೆ ಉಳಿದಿದೆ ಎಂಬುದನ್ನು.